ಎಸ್‌ಎಲ್‌ಆರ್ ಮೇಲೋ, ಎಂ-14 ಮೇಲೋ?



ನಮ್ಮ ಈ ಕನ್ನಡ ಕಾರ್ಯಕ್ರಮದಲ್ಲಿ ದಾಸರ ಪದ, ಭಾವಗೀತೆ, ಊರಿನ ನೆನಪು, ಅಡುಗೆ ಎಲ್ಲ ಬಂದು ಹೋಗಿವೆ. ಬಂದೂಕು ಬಂದಿರಲಿಲ್ಲ. ಇವತ್ತು ಅದೇ ವಿಷಯ. ಹುಬ್ಬೇರಿಸಬೇಡಿ, ಕಾರಣ ಹೇಳುತ್ತೇನೆ.

ಮೆಹದಿಪಟ್ಟಣಂನ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಅವರ ಅಳಿಯ ಅಮೆರಿಕದ ಟೆಕ್ಸಾಸಿನಲ್ಲಿದ್ದಾರೆ. ವಾರಕ್ಕೊಮ್ಮೆ ಗೆಳೆಯರ ಜೊತೆ ಗುರಿ ಹೊಡೆಯುವ ಮೈದಾನಕ್ಕೆ ಹೋಗುವ ಹವ್ಯಾಸ. ಈಗ ಸ್ವಂತ ರೈಫಲ್ ಕೊಳ್ಳುವ ಮನಸ್ಸಾಗಿದೆಯಂತೆ, ಅದೂ ಹಳೆಯ ಮಿಲಿಟರಿ ಮಾದರಿಯದು. ಎರಡರಲ್ಲಿ ಒಂದು: ಬೆಲ್ಜಿಯಂ ಮೂಲದ ಎಫ್‌ಎಎಲ್, ಇಲ್ಲವೇ ಅಮೆರಿಕದ ಎಂ-14ರ ನಾಗರಿಕ ರೂಪವಾದ ಎಂ-1ಎ. ಮಾವನವರಿಗೆ ಫೋನು ಮಾಡಿ, 'ನೀವಿರುವುದು ಮಿಲಿಟರಿ ಏರಿಯಾದಲ್ಲಿ, ಯಾರನ್ನಾದರೂ ಕೇಳಿ ನೋಡಿ ಮಾವ' ಅಂದರಂತೆ. ಮಾವನವರಿಗೆ ಕುತೂಹಲ, ಅತ್ತೆಯವರಿಗೆ ನಿದ್ದೆ ಇಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗನಿದ್ದಾನೆ.

ಮಿಲಿಟರಿ ಏರಿಯಾ ಎಂದಿದ್ದು ಸುಳ್ಳಲ್ಲ. ನವಾಬ್ ಮೆಹದಿ ನವಾಜ್ ಜಂಗ್ ಅವರ ಹೆಸರಿನ ಈ ಬಡಾವಣೆಯನ್ನು ನಾವು ಈಗ ರೈತು ಬಜಾರು, ಬಸ್ಸಿನ ಗದ್ದಲ, ವಿಮಾನ ನಿಲ್ದಾಣದ ಕಡೆ ಹೋಗುವ ಮೇಲ್ಸೇತುವೆಯ ಪಿಲ್ಲರ್ ನಂಬರುಗಳಿಂದ ಗುರುತಿಸುತ್ತೇವೆ. ಆದರೆ ಪಕ್ಕದಲ್ಲೇ ಸೇನೆಯ ಗ್ಯಾರಿಸನ್ ಗೋಡೆ ಇದೆ. ಸ್ವಲ್ಪ ಮುಂದೆ ಗೋಲ್ಕೊಂಡದ ಕಡೆ 1962ರಲ್ಲಿ ಆರಂಭವಾದ ಫಿರಂಗಿ ದಳದ ತರಬೇತಿ ಕೇಂದ್ರ, ಆರ್ಟಿಲರಿ ಸೆಂಟರ್. ಅಲ್ಲಿ ತರಬೇತಿ ಪಡೆದ ಕನ್ನಡದ ಹುಡುಗರಿಗೆ ಲೆಕ್ಕವಿಲ್ಲ. ನಾನು ಯೋಧನಲ್ಲ. ಕಾಲೇಜು ಮೇಷ್ಟ್ರಾಗಿದ್ದವನು, ಎನ್‌ಸಿಸಿ ನೋಡಿಕೊಳ್ಳುತ್ತಿದ್ದೆ. ಕ್ಯಾಂಪುಗಳಲ್ಲಿ ಎಸ್‌ಎಲ್‌ಆರ್ ಹಿಡಿದಿದ್ದೇನೆ, ಅದರ ಒದೆತ ಭುಜಕ್ಕೆ ಗೊತ್ತು. ನಮ್ಮ ಈ ಎಸ್‌ಎಲ್‌ಆರ್ ಬೇರೇನೂ ಅಲ್ಲ, ಅಳಿಯಂದಿರು ಕೇಳಿದ ಎಫ್‌ಎಎಲ್‌ನ ಭಾರತೀಯ ತಮ್ಮ. ಹಾಗಾಗಿ ಪ್ರಶ್ನೆ ದೂರದ್ದೆನಿಸಿದರೂ ಅದರ ಬೇರು ನಮ್ಮಲ್ಲೂ ಇದೆ.

ಮೊದಲು ಒಂದು ಮಾತು ತಿಳಿಯಾಗಲಿ. ಹಳೆಯ ತ್ರೀ ನಾಟ್ ತ್ರೀ ರೈಫಲ್ ನಿಮಗೆ ಗೊತ್ತು, ಪೊಲೀಸರ ಹೆಗಲಲ್ಲಿ ನೋಡಿಯೇ ಇರುತ್ತೀರಿ. ಅದರಲ್ಲಿ ಒಂದು ಗುಂಡು ಹಾರಿಸಿದ ಮೇಲೆ ಬೋಲ್ಟನ್ನು ಕೈಯಿಂದ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಅದುಮಿ, ಆಮೇಲೆ ಇನ್ನೊಂದು ಗುಂಡು. ಸೆಲ್ಫ್ ಲೋಡಿಂಗ್ ರೈಫಲ್ಲಿನಲ್ಲಿ, ಅಂದರೆ ಎಸ್‌ಎಲ್‌ಆರ್‌ನಲ್ಲಿ, ಈ ಕೆಲಸವನ್ನು ಗುಂಡಿನ ಹಿಂದೆ ಬರುವ ಗ್ಯಾಸೇ ಮಾಡಿಬಿಡುತ್ತದೆ. ನಳಿಗೆಯಲ್ಲಿ ಸಣ್ಣ ತೂತು. ಅದರಿಂದ ಸ್ವಲ್ಪ ಗ್ಯಾಸು ಹೊರಬಂದು ಪಿಸ್ಟನ್ನನ್ನು ತಳ್ಳುತ್ತದೆ. ಖಾಲಿ ತೋಟಾ ಹೊರಗೆ ಹಾರುತ್ತದೆ, ಹೊಸದು ಒಳಗೆ ಕೂರುತ್ತದೆ. ಆದರೆ ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಒತ್ತಿ ಹಿಡಿದರೆ ಸುರಿಮಳೆ ಸುರಿಯುವುದು ಮಷೀನ್ ಗನ್ನು, ಇದು ಅದಲ್ಲ. ಇದಕ್ಕೇ ಅರೆ ಸ್ವಯಂಚಾಲಿತ ಎನ್ನುವುದು.

ಬೋಲ್ಟ್ ಎಳೆಯುವ ಆ ಒಂದೆರಡು ಸೆಕೆಂಡು ಏನು ಮಹಾ ಅನ್ನುತ್ತೀರಾ? 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾ ಕಣಿವೆಯಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕುಮಾವೂಂ ಕಂಪನಿ ನಿಂತಿದ್ದು ಇದೇ ತ್ರೀ ನಾಟ್ ತ್ರೀ ಹಿಡಿದು. ಎತ್ತರ ಹದಿನಾರು ಸಾವಿರ ಅಡಿಗೂ ಮೇಲೆ, ಬೆರಳು ಮರಗಟ್ಟುವ ಚಳಿ. ಎದುರಿಗೆ ಬಂದವರ ಕೈಯಲ್ಲಿ ಸ್ವಯಂಚಾಲಿತ, ಅರೆ ಸ್ವಯಂಚಾಲಿತ ಬಂದೂಕುಗಳಿದ್ದವು. ನೂರಕ್ಕೂ ಹೆಚ್ಚು ಜನ ಅಲ್ಲಿಯೇ ಹೋದರು. ಅದಕ್ಕೆ ಬಂದೂಕೊಂದೇ ಕಾರಣವಲ್ಲ. ತೋಪಿನ ಬೆಂಬಲವಿಲ್ಲ, ಬೆಚ್ಚನೆಯ ಬಟ್ಟೆ ಸಾಲದು, ಎದುರಿಗೆ ಬಂದವರ ಸಂಖ್ಯೆ ಬಹಳ. ಆದರೂ ಆ ಯುದ್ಧ ಮುಗಿದ ಮೇಲೆ, ಇನ್ನು ತಡ ಮಾಡಬಾರದು ಎಂದು ದೆಹಲಿಯಲ್ಲಿ ಯಾರಿಗೂ ಬೇರೆ ಹೇಳಬೇಕಾಗಿರಲಿಲ್ಲ.

ಈಗ ಎರಡು ರೈಫಲ್‌ಗಳ ಕತೆ. ಎರಡೂ ಒಂದೇ ಕಾಲದ ಕೂಸುಗಳು, ಒಂದೇ ತೋಟಾ ತಿನ್ನುತ್ತವೆ: 7.62 × 51 ಮಿ.ಮೀ. ಇದು ನ್ಯಾಟೋ ಒಕ್ಕೂಟ 1950ರ ದಶಕದಲ್ಲಿ ಎಲ್ಲ ದೇಶಗಳಿಗೂ ಒಂದೇ ಇರಲಿ ಎಂದು ಒಪ್ಪಿಕೊಂಡ ತೋಟಾ. ತೋಟಾದ ಮೇಲೆ ಒಪ್ಪಂದವಾಯಿತು, ರೈಫಲ್ ಮೇಲೆ ಆಗಲಿಲ್ಲ. ಅಲ್ಲೇ ಜಗಳ.

ಒಂದು ಕಡೆ ಬೆಲ್ಜಿಯಂನ ಎಫ್‌ಎನ್ ಕಂಪನಿ. ಅಲ್ಲಿನ ವಿನ್ಯಾಸಗಾರ ದಿಯುದೊನ್ನೇ ಸೇವ್. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬೆಲ್ಜಿಯಂ ಆಕ್ರಮಿಸಿದಾಗ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋಗಿ ಅಲ್ಲೇ ಕೆಲಸ ಮುಂದುವರಿಸಿದವರು. ಅವರ ಎಫ್‌ಎಎಲ್ ಮೊದಲು ಸಣ್ಣ ತೋಟಾಕ್ಕೆಂದು ಹುಟ್ಟಿ, ಆಮೇಲೆ ಈ ದೊಡ್ಡ ತೋಟಾಕ್ಕೆ ಹಿಗ್ಗಿಸಿಕೊಂಡದ್ದು. ಇನ್ನೊಂದು ಕಡೆ ಅಮೆರಿಕದ ಸರಕಾರಿ ಕಾರ್ಖಾನೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿ. ಅವರ ಹತ್ತಿರ ಮಹಾಯುದ್ಧ ಗೆದ್ದ ಗ್ಯಾರಂಡ್ ರೈಫಲ್ ಇತ್ತು. ಅದನ್ನೇ ತಿದ್ದಿ, ಎಂಟು ಗುಂಡಿನ ಕ್ಲಿಪ್ಪಿನ ಬದಲು ಇಪ್ಪತ್ತು ಗುಂಡಿನ ಮ್ಯಾಗಜೀನ್ ಇಟ್ಟು, ಹೊಸದೊಂದನ್ನು ಮಾಡಿದರು. ಪರೀಕ್ಷೆಯಲ್ಲಿ ಇವಕ್ಕೆ ಬೇರೆ ಹೆಸರು: ಎಫ್‌ಎಎಲ್‌ಗೆ ಟಿ-48, ಅಮೆರಿಕದ್ದಕ್ಕೆ ಟಿ-44.

1953-54ರ ಚಳಿಗಾಲದಲ್ಲಿ ಎರಡನ್ನೂ ಅಲಾಸ್ಕಾದ ಹಿಮಕ್ಕೆ ಒಯ್ದರು. ಅಮೆರಿಕದ್ದನ್ನು ಚಳಿಗೆಂದೇ ಮೊದಲೇ ಹದಗೊಳಿಸಿ ಕಳಿಸಿದ್ದರು, ಬೆಲ್ಜಿಯಂನದು ಹಾಗೇ ಹೋಯಿತು. ಅಲ್ಲಿ ಅದು ತಡವರಿಸಿತು. ಮುಂದೆ ನಡೆದ ಪರೀಕ್ಷೆಗಳಲ್ಲಿ ಎರಡೂ ಸೇನೆಗೆ ಯೋಗ್ಯ ಎಂದೇ ತೀರ್ಮಾನವಾಯಿತು. ಕೊನೆಗೆ 1957ರಲ್ಲಿ ಅಮೆರಿಕ ತನ್ನದನ್ನೇ ಆರಿಸಿ ಎಂ-14 ಎಂದು ಹೆಸರಿಟ್ಟಿತು. ಸ್ವಲ್ಪ ಹಗುರ, ಜೊತೆಗೆ ಹಳೆಯ ಗ್ಯಾರಂಡ್ ಯಂತ್ರಗಳಲ್ಲೇ ತಯಾರಿಸಬಹುದು ಎಂಬುದು ಕೊಟ್ಟ ಕಾರಣಗಳಲ್ಲಿ ಕೆಲವು. ಯಂತ್ರಗಳ ಲೆಕ್ಕಾಚಾರ ನಡೆಯಲಿಲ್ಲ. ತಯಾರಿಕೆ ಕುಂಟುತ್ತಾ ಸಾಗಿ, 1963ರಲ್ಲಿ ರಕ್ಷಣಾ ಸಚಿವ ಮ್ಯಾಕ್‌ನಮಾರಾ ಇನ್ನು ಸಾಕೆಂದರು. ಸುಮಾರು ಹದಿನಾಲ್ಕು ಲಕ್ಷ ರೈಫಲ್ ತಯಾರಾಗುವಷ್ಟರಲ್ಲಿ ಎಂ-14ರ ಕಾಲವೇ ಮುಗಿಯಿತು, ಅದರ ಜಾಗಕ್ಕೆ ಎಂ-16 ಬಂತು. ಎಫ್‌ಎಎಲ್ ಮಾತ್ರ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಸೇರಿ ತೊಂಬತ್ತಕ್ಕೂ ಹೆಚ್ಚು ದೇಶಗಳ ಹೆಗಲೇರಿತು. ಸಂಬಂಧ ಬೇಡವೆಂದ ಮನೆಯ ಹುಡುಗಿಗೆ ಊರೆಲ್ಲ ವರಗಳು ಬಂದ ಹಾಗೆ.

ನಮ್ಮ ದೇಶದ ಆಯ್ಕೆ ಇನ್ನೂ ಸ್ವಾರಸ್ಯದ್ದು. ಕೊಡಗಿನ ಜನರಲ್ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದುದು 1957ರಿಂದ 1961ರವರೆಗೆ. ಆ ವರ್ಷಗಳಲ್ಲಿ ಜಗತ್ತಿನ ಸೇನೆಗಳೆಲ್ಲ ಬೋಲ್ಟ್ ರೈಫಲ್ ಬಿಡುತ್ತಿದ್ದವು, ನಾವು ಬಿಟ್ಟಿರಲಿಲ್ಲ. ಬಿಡಬೇಕಾಗಿ ಬಂದಾಗ ನಮ್ಮ ಮುಂದಿದ್ದುದು ಒಂದೇ ಎಫ್‌ಎಎಲ್‌ನ ಎರಡು ರೂಪ. ಬೆಲ್ಜಿಯಂನದು ಮಿಲಿಮೀಟರ್ ಲೆಕ್ಕದ್ದು, ಬ್ರಿಟಿಷರದು ಇಂಚಿನ ಲೆಕ್ಕದ್ದು. ಬ್ರಿಟಿಷರು ಕಾಕಿಂಗ್ ಹ್ಯಾಂಡಲ್ಲನ್ನು ಮಡಚುವಂತೆ ಮಾಡಿದ್ದರು, ಒಳಗಿನ ಕ್ಯಾರಿಯರ್ ಮೇಲೆ ಮರಳು ಜಾರಿಹೋಗಲು ಗೀರು ಕೊರೆದಿದ್ದರು, ಸುರಿಮಳೆಯ ವ್ಯವಸ್ಥೆಯನ್ನು ತೆಗೆದೇ ಹಾಕಿದ್ದರು. ಪುಣೆಯ ನಮ್ಮ ಶಸ್ತ್ರಾಸ್ತ್ರ ಸಂಶೋಧಕರು ಬೇರೆ ಬೇರೆ ದೇಶಗಳ ರೈಫಲ್ ತರಿಸಿ, ಬಿಚ್ಚಿ, ಅಳೆದು, ಎರಡರಿಂದಲೂ ಬೇಕಾದ್ದನ್ನು ತೆಗೆದುಕೊಂಡು, ಲೈಸೆನ್ಸಿನ ಗೋಜಿಗೆ ಹೋಗದೆ ಮೂರನೆಯದೊಂದನ್ನು ಮಾಡಿದರು. ಅದೇ 1963ರಲ್ಲಿ ಸೇನೆ ಒಪ್ಪಿಕೊಂಡ 1ಎ1. ಬಂಗಾಳದ ಇಛಾಪುರದಲ್ಲಿ, ಆಮೇಲೆ ತಿರುಚ್ಚಿಯಲ್ಲೂ ತಯಾರಾಯಿತು. ಅದರ ಬಟ್ಟಿನ ಹಿಂದೆ ಹಳೆಯ ತ್ರೀ ನಾಟ್ ತ್ರೀಯದೇ ಬಟ್ ಪ್ಲೇಟು. ಸಣ್ಣ ಬಾಗಿಲು ತೆರೆದರೆ ಒಳಗೆ ಎಣ್ಣೆ ಬಾಟಲಿ, ನಳಿಗೆ ಒರೆಸುವ ಪುಲ್‌ಥ್ರೂ. ಅಜ್ಜಿಯ ಒಡವೆ ಕರಗಿಸಿ ಹೊಸ ಸರ ಮಾಡಿಸಿದರೂ ಪದಕ ಮಾತ್ರ ಹಳೆಯದೇ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ನನಗೆ ಈ ರೈಫಲ್ಲಿನಲ್ಲಿ ತುಂಬ ಇಷ್ಟವಾದ ಭಾಗ ಅದೇ.

1965ರಲ್ಲಿ ಇದಿನ್ನೂ ಎಲ್ಲರ ಕೈಗೂ ಬಂದಿರಲಿಲ್ಲ. 1971ರ ಯುದ್ಧ ನಡೆದದ್ದು ಮುಖ್ಯವಾಗಿ ಇದರಿಂದಲೇ.

ಸರಿ, ಎರಡನ್ನೂ ಮೇಜಿನ ಮೇಲಿಟ್ಟು ನೋಡೋಣ. ಉದ್ದ, ತೂಕದಲ್ಲಿ ಅಂಥ ಅಂತರವಿಲ್ಲ. ಎರಡೂ ಒಂದು ಮೀಟರಿಗಿಂತ ಉದ್ದ, ಖಾಲಿ ಇದ್ದಾಗ ನಾಲ್ಕು ಕಿಲೋಗಿಂತ ತುಸು ಹೆಚ್ಚು. ಇಪ್ಪತ್ತು ತೋಟಾಗಳೇ ಅರ್ಧ ಕಿಲೋ ಹತ್ತಿರ ತೂಗುತ್ತವೆ. ನಮ್ಮ ಕಾಲೇಜಿನ ಬಡಕಲು ಹುಡುಗರು ಎಸ್‌ಎಲ್‌ಆರ್ ಹೊತ್ತು ಮೈದಾನ ಸುತ್ತಿ ಬಂದಾಗ ಅವರ ಮುಖ ನೋಡಬೇಕಿತ್ತು.

ವ್ಯತ್ಯಾಸ ಇರುವುದು ಹಿಡಿತದಲ್ಲಿ. ಎಸ್‌ಎಲ್‌ಆರ್‌ಗೆ ಪಿಸ್ತೂಲಿನಂಥ ಹಿಡಿ, ಕಾಕಿಂಗ್ ಹ್ಯಾಂಡಲ್ ಎಡಗಡೆ. ಬಲಗೈ ಹಿಡಿಯ ಮೇಲೇ ಇರುತ್ತದೆ, ಎಡಗೈಯೇ ಎಲ್ಲ ಕೆಲಸ ಮಾಡುತ್ತದೆ. ಎಂ-14 ಹಳೆಯ ಬೇಟೆ ರೈಫಲ್ಲಿನ ಅಚ್ಚು: ಉದ್ದನೆಯ ಮರದ ಮೈ, ಹ್ಯಾಂಡಲ್ ಬಲಗಡೆ. ನೋಡಲು ಚೆಂದ ಅದೇ, ಒಪ್ಪುತ್ತೇನೆ.

ಗ್ಯಾಸಿನ ವಿಷಯಕ್ಕೆ ಬಂದರೆ ಎಸ್‌ಎಲ್‌ಆರ್‌ನಲ್ಲಿ ಒಂದು ಸಣ್ಣ ಉಂಗುರವಿದೆ, ರೆಗ್ಯುಲೇಟರ್. ಅದನ್ನು ತಿರುಗಿಸಿ ಪಿಸ್ಟನ್ನಿಗೆ ಎಷ್ಟು ಗ್ಯಾಸು ಹೋಗಬೇಕೆಂದು ನಿಗದಿ ಮಾಡಬಹುದು. ರೈಫಲ್ ಹೊಸದಾಗಿ ಒರೆಸಿ ಎಣ್ಣೆ ಹಾಕಿದ್ದಾಗ ಕಡಿಮೆ ಸಾಕು. ಧೂಳು, ಮಸಿ ತುಂಬಿ ಅಡಚಣೆಯಾಗುತ್ತಿದೆ ಎನಿಸಿದರೆ ಒಂದೆರಡು ಗೀಟು ಹೆಚ್ಚಿಸಿ ಮುಂದುವರಿಯಬಹುದು. ಸ್ಟವ್ವಿನ ಉರಿ ಹೆಚ್ಚು ಕಡಿಮೆ ಮಾಡಿದಷ್ಟೇ ಸುಲಭ, ಆದರೆ ಯಾವಾಗ ಎಷ್ಟು ಎಂಬುದು ಕಲಿಯಬೇಕು. ಕಲಿಯದವನು ಪೂರ್ತಿ ಗ್ಯಾಸು ಬಿಟ್ಟುಕೊಂಡು ಭುಜ ನೋಯಿಸಿಕೊಳ್ಳುತ್ತಾನೆ. ಎಂ-14 ತನಗೆ ಬೇಕಾದಷ್ಟು ಗ್ಯಾಸನ್ನು ತಾನೇ ತೆಗೆದುಕೊಂಡು ನಿಲ್ಲಿಸುತ್ತದೆ, ಹೊಂದಿಸುವ ಕೆಲಸವಿಲ್ಲ.

ಬಿಚ್ಚುವುದು, ಜೋಡಿಸುವುದು. ಸೇನೆಯ ಭಾಷೆಯಲ್ಲಿ 'ಖೋಲ್ನಾ-ಜೋಡ್ನಾ'. ಕೊಡಗಿನವರು ಜೋಡುನಳಿಗೆ ಕೋವಿಯನ್ನು ನಡುವೆ ಮುರಿದಂತೆ ತೆರೆಯುವುದನ್ನು ನೀವು ನೋಡಿರಬಹುದು. ಎಸ್‌ಎಲ್‌ಆರ್ ಕೂಡ ಹಾಗೇ. ಒಂದು ಸನ್ನೆ ತಳ್ಳಿದರೆ ನಡು ಬಾಗಿ ಹೊಟ್ಟೆ ತೆರೆಯುತ್ತದೆ, ಒಳಗಿನ ಸಾಮಾನನ್ನು ಹಿಂದಿನಿಂದ ಎಳೆದುಕೊಂಡರಾಯಿತು. ನಳಿಗೆಯನ್ನೂ ಹಿಂದಿನಿಂದಲೇ ಒರೆಸಬಹುದು. ಎಂ-14ನ್ನು ಪೂರ್ತಿ ಬಿಚ್ಚಬೇಕಾದರೆ ಟ್ರಿಗರ್ ಭಾಗ ಕೆಳಗೆ ತೆಗೆದು ಕಬ್ಬಿಣವನ್ನು ಮರದಿಂದ ಎತ್ತಬೇಕು. ಪದೇ ಪದೇ ಎತ್ತಿದರೆ ಮರದಲ್ಲಿ ಅದು ಕೂತ ಜಾಗ ಸಡಿಲವಾಗುತ್ತದೆ, ಗುರಿ ಕೆಡುತ್ತದೆ. ನಳಿಗೆಯನ್ನು ಮುಂದಿನ ಬಾಯಿಯಿಂದಲೇ ಒರೆಸಬೇಕು. ವಿಯೆಟ್ನಾಮಿನ ಮಳೆಗೆ ಅದರ ಮರ ಉಬ್ಬಿ ತೊಂದರೆಯಾಗಿ, ಆಮೇಲೆ ಫೈಬರಿನ ಮೈ ಕೊಟ್ಟರು. ಅದೇ ವಿಯೆಟ್ನಾಮಿನಲ್ಲಿ ಆಸ್ಟ್ರೇಲಿಯಾದ ಪದಾತಿಗಳು ಎಸ್‌ಎಲ್‌ಆರ್ ಹಿಡಿದಿದ್ದರು. 1966ರ ಆಗಸ್ಟ್ 18ರಂದು ಲಾಂಗ್ ಟಾನ್ ರಬ್ಬರ್ ತೋಟದಲ್ಲಿ ಜಡಿಮಳೆಯಲ್ಲಿ ಅವರ ಒಂದು ಕಂಪನಿ ತನಗಿಂತ ಎಷ್ಟೋ ಪಟ್ಟು ದೊಡ್ಡ ಪಡೆಯನ್ನು ತಡೆದು ನಿಂತಿತು.

ಹಾಗೆಂದು ಎಂ-14ನ್ನು ತಳ್ಳಿಹಾಕುವ ಹಾಗಿಲ್ಲ. ಗುರಿಯ ವಿಷಯದಲ್ಲಿ ಅದೇ ಮೇಲು. ಅದರ ಹಿಂಬದಿಯ ಸೈಟು ಸೂಕ್ಷ್ಮವಾಗಿ ತಿರುಗುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ. ಎಸ್‌ಎಲ್‌ಆರ್‌ನಲ್ಲಿ ನಳಿಗೆ ಇರುವುದು ಮೇಲಿನ ತುಂಡಿನಲ್ಲಿ, ಹಿಂದಿನ ಸೈಟು ಇರುವುದು ಕೆಳಗಿನ ತುಂಡಿನಲ್ಲಿ. ನಡುವೆ ಕೂದಲೆಳೆಯಷ್ಟು ಸಡಿಲವಿದ್ದರೂ ದೂರದಲ್ಲಿ ಗುಂಡು ಬೇರೆ ಕಡೆ. ಸೇನೆಯಿಂದ ನಿವೃತ್ತವಾದ ಮೇಲೂ ಎಂ-14 ಸ್ನೈಪರ್ ರೈಫಲ್ಲಾಗಿ ಎಂ-21 ಎಂಬ ಹೆಸರಿನಲ್ಲಿ ಬದುಕಿತು, ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ ದೂರದ ಗುರಿಗೆಂದು ಮತ್ತೆ ಗೋದಾಮಿನಿಂದ ಹೊರಬಂತು.

ಎಸ್‌ಎಲ್‌ಆರ್‌ನ ದೌರ್ಬಲ್ಯವೂ ನಮಗೆ ಗೊತ್ತಿದೆ. 1987ರಲ್ಲಿ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋದಾಗ ಎಲ್‌ಟಿಟಿಇಯವರ ಕೈಯಲ್ಲಿ ಗಿಡ್ಡನೆಯ ಎಕೆ-47. ಪೊದೆಗಳ ನಡುವೆ, ಓಣಿಗಳಲ್ಲಿ, ನಮ್ಮವರ ಉದ್ದನೆಯ, ಒಂದೊಂದೇ ಗುಂಡಿನ ರೈಫಲ್ ಭಾರವಾಯಿತು. 1990ರ ದಶಕದಲ್ಲಿ ಸಣ್ಣ ತೋಟಾದ ಇನ್ಸಾಸ್ ಬಂದು ಎಸ್‌ಎಲ್‌ಆರ್ ಸೇನೆಯಿಂದ ಹಿಂದೆ ಸರಿಯಿತು. ತಮಾಷೆ ನೋಡಿ, 2019ರಲ್ಲಿ ಸೇನೆ ಅಮೆರಿಕದ ಸಿಗ್ ಕಂಪನಿಯಿಂದ 72,400 ರೈಫಲ್ ತರಿಸಿಕೊಂಡಾಗ ತೋಟಾ ಮತ್ತೆ ಅದೇ 7.62 × 51. ಗಡಿಯ ಬೆಟ್ಟಗಳಲ್ಲಿ ದೂರಕ್ಕೆ ಹೋಗಿ ನಾಟುವ ಗುಂಡು ಬೇಕು ಎಂದು ಮತ್ತೆ ಅನಿಸಿತು.

ಇನ್ನೊಂದು ಸಂಗತಿ ಹೇಳದೆ ಇರಲಾರೆ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷರ ಕೈಯಲ್ಲೂ ಇದೇ ರೈಫಲ್, ಅರ್ಜೆಂಟೀನಾದವರ ಕೈಯಲ್ಲೂ ಇದೇ ರೈಫಲ್. ಒಂದೇ ಮನೆಯ ಎರಡು ಕೊಡಲಿ. ಅರ್ಜೆಂಟೀನಾದವರದು ಸುರಿಮಳೆಯನ್ನೂ ಸುರಿಸುತ್ತಿತ್ತು, ಬ್ರಿಟಿಷರದು ಒಂದೊಂದೇ. ಗೆದ್ದವರು ಒಂದೊಂದೇ ಹೊಡೆದವರು. ಸಂಪಿಗೆ ಗಿಡಕ್ಕೆ ನೀರು ಹಾಕಿದ ಹಾಗೆ ಗುಂಡು ಹಾಕಿದರೆ ಆಗದು, ಈ ತೋಟಾ ಅಷ್ಟು ಜೋರು. ಸುರಿಮಳೆಯಲ್ಲಿ ನಳಿಗೆ ಮೇಲಕ್ಕೆ ಏಳುತ್ತದೆ. ಎಂ-14ಕ್ಕೂ ಇದೇ ಕತೆ. ಅವುಗಳಲ್ಲಿ ಹೆಚ್ಚಿನವನ್ನು ಒಂದೊಂದೇ ಗುಂಡಿಗೆ ಬೀಗ ಹಾಕಿಯೇ ಸೈನಿಕರಿಗೆ ಕೊಡುತ್ತಿದ್ದರು.

ಹಾಗಾದರೆ ತೀರ್ಪು? ಧೂಳು, ಕೆಸರು, ಮಳೆಯಲ್ಲಿ ಹೊತ್ತು ತಿರುಗುವ ಪದಾತಿಗೆ ನನ್ನ ಓಟು ಎಸ್‌ಎಲ್‌ಆರ್‌ಗೆ. ನಾವು 1963ರಲ್ಲಿ ಆರಿಸಿದ್ದು ಸರಿಯಾದದ್ದನ್ನೇ. ಶನಿವಾರ ಬೆಳಿಗ್ಗೆ ಮೈದಾನಕ್ಕೆ ಹೋಗಿ, ಚಾಪೆ ಹಾಸಿ, ಮುನ್ನೂರು ಮೀಟರಿನ ಕಾಗದಕ್ಕೆ ಗುರಿಯಿಡುವವರಿಗೆ ಎಂ-1ಎ ಸೂಕ್ತ. ಇನ್ನೂ ಒಂದು ಕಾರಣ: ಅಮೆರಿಕದಲ್ಲಿ 1994ರಿಂದ 2004ರವರೆಗೆ ಇದ್ದ ನಿಷೇಧದ ಪಟ್ಟಿಯಲ್ಲಿ ಎಫ್‌ಎಎಲ್ ಹೆಸರು ಹೇಳಿಯೇ ಸೇರಿಸಿದ್ದರು, ಎಂ-1ಎ ಹೆಸರಿರಲಿಲ್ಲ. ಈಗಲೂ ಕೆಲವು ರಾಜ್ಯಗಳ ಕಾನೂನಿಗೆ ಆ ಪಿಸ್ತೂಲ್ ಹಿಡಿಯೇ ತಕರಾರು. ಅಳಿಯಂದಿರು ನಾಳೆ ಕೆಲಸ ಬದಲಿಸಿ ಕ್ಯಾಲಿಫೋರ್ನಿಯಾಕ್ಕೆ ಹೋದರೆ ಎಫ್‌ಎಎಲ್ ತಲೆನೋವಾಗುತ್ತದೆ. ಅಲ್ಲದೆ ಅಲ್ಲಿ ಈಗ ಸಿಗುವ ಎಫ್‌ಎಎಲ್‌ಗಳಲ್ಲಿ ಎಷ್ಟೋ ಬೇರೆ ಬೇರೆ ದೇಶಗಳ ಹಳೆಯ ಬಿಡಿಭಾಗಗಳನ್ನು ಅಮೆರಿಕದ ಹೊಸ ರಿಸೀವರ್ ಮೇಲೆ ಕೂಡಿಸಿದವು. ಕೂಡಿಸಿದವರ ಕೈ ಚೆನ್ನಾಗಿದ್ದರೆ ರೈಫಲ್ಲೂ ಚೆನ್ನ. ಇಂಚಿನದಕ್ಕೂ ಮಿಲಿಮೀಟರಿನದಕ್ಕೂ ಮ್ಯಾಗಜೀನು ಬೇರೆ, ಅದನ್ನೂ ನೋಡಿಕೊಳ್ಳಬೇಕು.

ಆದರೆ ಇದೆಲ್ಲಕ್ಕೂ ಮೊದಲು ಅಳಿಯಂದಿರನ್ನು ಕೇಳಬೇಕಾದ ಪ್ರಶ್ನೆ ಬೇರೆ. ವೀಸಾ ಯಾವುದು? ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸು ಇದ್ದವರಿಗೆಂದು ಕೆಲವು ವಿನಾಯಿತಿಗಳುಂಟು, ಆದರೆ ಅದು ವಕೀಲರನ್ನು ಕೇಳಿ ಹೆಜ್ಜೆಯಿಡಬೇಕಾದ ದಾರಿ. ಗ್ರೀನ್ ಕಾರ್ಡ್ ಬಂದವರಿಗೆ ಈ ಅಡ್ಡಿಯಿಲ್ಲ. ಪತ್ರದಲ್ಲಿ ಮಾವನವರು ಬರೆದಿರುವ ಪ್ರಕಾರ ಗ್ರೀನ್ ಕಾರ್ಡ್ ಇನ್ನೂ ಸಾಲಿನಲ್ಲಿದೆ. ಅಂದಮೇಲೆ ಸ್ವಾಮಿ, ರೈಫಲ್ ಯಾವುದು ಎಂಬ ಮಾತನ್ನು ಸದ್ಯಕ್ಕೆ ಬದಿಗಿಡಲು ಹೇಳಿ. ಹವ್ಯಾಸಕ್ಕೆ ಹೋಗಿ ಸಾಲಿನಲ್ಲಿ ನಿಂತ ಕಾರ್ಡಿಗೇ ಕುತ್ತು ಬಂದರೆ ಮಗಳು, ಮೊಮ್ಮಗ ಎಲ್ಲರ ಬದುಕೂ ಅಲುಗಾಡುತ್ತದೆ. ಗೆಳೆಯರ ರೈಫಲ್ ಮೈದಾನದಲ್ಲಿ ಹಿಡಿಯುವುದೂ ಈ ಕಾನೂನಿನ ಒಳಗೆ ಬರಬಹುದು, ಅದನ್ನೂ ಇವತ್ತೇ ವಿಚಾರಿಸಲಿ. ಫೋನಿನಲ್ಲಿ ಇದನ್ನು ನೀವೇ ಹೇಳಿ, ಅತ್ತೆಯವರ ಬಾಯಿಂದ ಬಂದರೆ ಬರೀ ಹೆದರಿಕೆ ಎನಿಸೀತು.

ಕಾರ್ಡು ಬಂದ ಮೇಲೂ, ನಾಲ್ಕು ವರ್ಷದ ಮಗುವಿರುವ ಮನೆಗೆ ಮೊದಲು ಬರಬೇಕಾದ್ದು ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ. ಗುಂಡಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ರೈಫಲ್ ಆಮೇಲೆ.

ವಾಪಸು ಬರುವಾಗ ಅದನ್ನು ಹೈದರಾಬಾದಿಗೆ ತರುವ ಆಸೆಯಿದ್ದರೆ ಅದನ್ನೂ ಬಿಡಲಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಇದೆ. ಪೊಲೀಸ್ ಕಮಿಷನರ್ ಕೊಡುವ ಸಾಮಾನ್ಯ ಲೈಸೆನ್ಸಿಗೆ ಸೇನೆಯ ತೋಟಾದ ಅರೆ ಸ್ವಯಂಚಾಲಿತ ರೈಫಲ್ ಸಿಗುವುದಿಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ರಿಯಾಯಿತಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದ್ದಾರೆ. ಕೈಲ್‌ಪೊಳ್ದಿನ ದಿನ ಪೂಜೆಗಿಡುವ ಮನೆಯ ಕೋವಿಗೆ ಅದು, ಮಿಲಿಟರಿ ರೈಫಲ್ಲಿಗಲ್ಲ.

ಇನ್ನು ನಿಮ್ಮಲ್ಲಿ ಒಂದು ಕೋರಿಕೆ. ಮೆಹದಿಪಟ್ಟಣಂ, ಲಂಗರ್ ಹೌಜ್, ಸಿಕಂದರಾಬಾದ್ ಕಡೆ ಎಸ್‌ಎಲ್‌ಆರ್ ಹೊತ್ತು ನಡೆದ ಕನ್ನಡದ ಹಿರಿಯ ಯೋಧರು ಯಾರಾದರೂ ಇದನ್ನು ಕೇಳುತ್ತಿದ್ದರೆ, 1971ರ ನೆನಪಾಗಲಿ, ಶ್ರೀಲಂಕಾದ್ದಾಗಲಿ, ಒಂದು ಪುಟ ಬರೆದು ನಮ್ಮ ನಿಲಯಕ್ಕೆ ಕಳಿಸಿ. ನಾನು ಮೇಷ್ಟ್ರ ಕಣ್ಣಿಂದ ಹೇಳಿದ್ದೇನೆ, ಭುಜಕ್ಕೆ ಏಟು ತಿಂದವರ ಮಾತೇ ಬೇರೆ. ಮುಂದಿನ ವಾರ ಇದೇ ಹೊತ್ತಿಗೆ ನಿಮ್ಮ ಪತ್ರಗಳನ್ನು ಓದುತ್ತೇವೆ.